ಡೈ ಹೊಡೆದ ತುಂಡುಗಳ ಕೌದಿ: ಒಂದು ಹಲಗೆ, ಹದಿನೆಂಟು ನಕ್ಷತ್ರ

ನಮ್ಮ ಆಯಿ ಗುಳೇದಗುಡ್ಡದವಳು. ಕೌದಿ ಹೊಲಿಯಲು ಕೂತರೆ ಅವಳ ಹತ್ತಿರ ಟೇಪು ಇರುತ್ತಿರಲಿಲ್ಲ. ಹಳೇ ಧೋತರ, ಹಳೇ ಸೀರೆ ನೆಲಕ್ಕೆ ಹಾಸುತ್ತಿದ್ದಳು. ಕೈಗೆ ಸಿಕ್ಕ ತುಂಡನ್ನು ಅದರ ಮೇಲಿಟ್ಟು, ಅಂಚು ಒಳಗೆ ಮಡಚಿ, ಸೂಜಿ ಓಡಿಸುತ್ತಿದ್ದಳು. ತುಂಡು ಸಣ್ಣದಾದರೆ ಪಕ್ಕಕ್ಕೆ ಇನ್ನೊಂದು. ದೊಡ್ಡದಾದರೆ ಮಡಿಕೆ ಸ್ವಲ್ಪ ಜಾಸ್ತಿ. ನಾನು ಸ್ಕೇಲು ಹಿಡಿದು ಹೋದರೆ "ಯವ್ವಾ, ಅಳತಿ ಯಾಕ ಬೇಕ, ಕಣ್ಣ ಅದಾವಲ್ಲ" ಅನ್ನುತ್ತಿದ್ದಳು.

ಅವಳ ಕೌದಿಗೆ ಆ ಮಾತು ಸರಿ. ಅಲ್ಲಿ ತುಂಡುಗಳು ಹಾಸಿದ ಬಟ್ಟೆಯ ಮೇಲೆ ಕೂರುತ್ತವೆ, ತಪ್ಪೆಲ್ಲ ಮಡಿಕೆಯೊಳಗೆ ಮುಚ್ಚಿಹೋಗುತ್ತದೆ. ನಾವೀಗ ಮಾಡಲು ಹೊರಟಿರುವ ಕೌದಿಯಲ್ಲಿ ತುಂಡಿಗೆ ತುಂಡು ಜೋಡಿಸಿಯೇ ಮೇಲ್ಪದರ ಆಗಬೇಕು. ಕೆಳಗೆ ಹಾಸು ಇಲ್ಲ, ತಪ್ಪಿಗೆ ಅಡಗಲು ಜಾಗವೂ ಇಲ್ಲ. ಲೆಕ್ಕ ನೋಡಿ. ಮುಂದೆ ಹೇಳುವ ವಿನ್ಯಾಸದಲ್ಲಿ ಒಂದು ಸಾಲಿಗೆ 13 ಹೊಲಿಗೆ ಬೀಳುತ್ತವೆ, ಅದರ ಕೆಳಗಿನ ಸಾಲಿಗೆ 10. ಪ್ರತಿ ಹೊಲಿಗೆಯಲ್ಲಿ ಬರೀ 1 ಮಿಲಿಮೀಟರ್ ಹೆಚ್ಚು ಒಳಗೆ ಹೋದರೂ ಎರಡೂ ಕಡೆ ಸೇರಿ 2 ಮಿಲಿಮೀಟರ್ ಕಮ್ಮಿ. ಮೊದಲ ಸಾಲು 26 ಮಿಲಿಮೀಟರ್ ಗಿಡ್ಡ, ಎರಡನೆಯದು 20. ಎರಡು ಸಾಲು ಒಂದಕ್ಕೊಂದು ಹೊಂದುವುದೇ ಇಲ್ಲ. ಎಳೆದು ಹೊಲಿದರೆ ಹಪ್ಪಳದ ಹಾಗೆ ಉಬ್ಬಿಕೊಳ್ಳುತ್ತದೆ.

ಕತ್ತರಿಯಲ್ಲಿ ಮುನ್ನೂರು ತ್ರಿಕೋನ ಒಂದೇ ಅಳತೆಗೆ ಕತ್ತರಿಸುವ ತಾಳ್ಮೆ ನನಗಿಲ್ಲ. ಹಾಗಾಗಿ ಡೈ.

ಡೈ ಅಂದರೆ ಏನು

ತಲೆಗೆ ಹಚ್ಚುವ ಡೈ ಅಲ್ಲ, ಒತ್ತಿ ಕತ್ತರಿಸುವ ಅಚ್ಚು! ನೀವು ಅದನ್ನು ಕಂಡಿರದಿದ್ದರೂ ಅದು ಕತ್ತರಿಸಿದ್ದನ್ನು ಖಂಡಿತ ಕಂಡಿದ್ದೀರಿ. ಬೆಳಗಾವಿ ಕುಂದಾ, ಗೋಕಾಕ ಅಥವಾ ಅಮೀನಗಡದ ಕರದಂಟು ತಂದಾಗ ಅದರ ರಟ್ಟಿನ ಡಬ್ಬಿ ಬಿಚ್ಚಿ ನೆಲದ ಮೇಲೆ ಹರವಿ ನೋಡಿ. ಕಿವಿ, ಮಡಿಕೆ, ಮೂಲೆ ಎಲ್ಲ ಒಂದೇ ಹೊಡೆತಕ್ಕೆ ಕತ್ತರಿಸಿದ್ದು. ಪ್ಲೈವುಡ್ ಹಲಗೆಯಲ್ಲಿ ಗೀರು ಕೊರೆದು, ಅದರೊಳಗೆ ಹರಿತವಾದ ಉಕ್ಕಿನ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ನಿಲ್ಲಿಸಿರುತ್ತಾರೆ. ಪಟ್ಟಿಯ ಅಕ್ಕಪಕ್ಕ ಫೋಮ್ ಅಂಟಿಸಿರುತ್ತಾರೆ. ಒತ್ತಿದಾಗ ಫೋಮ್ ಕುಗ್ಗಿ ಬ್ಲೇಡು ಮೇಲೆ ಬರುತ್ತದೆ, ಬಿಟ್ಟಾಗ ಫೋಮ್ ಉಬ್ಬಿ ತುಂಡನ್ನು ಹೊರಗೆ ತಳ್ಳುತ್ತದೆ. ಇಷ್ಟೇ ಅದರ ಗುಟ್ಟು.

ಬಟ್ಟೆಗೂ ಇದೇ ವಿದ್ಯೆ. ಮನೆಯಲ್ಲಿ ಬಳಸುವ ಯಂತ್ರದಲ್ಲಿ ಎರಡು ರೋಲರ್ ಇರುತ್ತವೆ, ಕಬ್ಬಿನ ಹಾಲಿನ ಗಾಣದ ಹಾಗೆ. ಹಲಗೆ, ಬಟ್ಟೆ, ಮೇಲೊಂದು ಪ್ಲಾಸ್ಟಿಕ್ ಮ್ಯಾಟ್ ಇಟ್ಟು ಹ್ಯಾಂಡಲ್ ತಿರುಗಿಸಿದರೆ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆ ಬರುತ್ತದೆ. ಅಮೆರಿಕದ ಆಕ್ಯುಕ್ವಿಲ್ಟ್, ಸಿಜಿಕ್ಸ್ ಕಂಪನಿಗಳ ಯಂತ್ರಗಳು ಈ ಜಾತಿಯವು. ಅಗ್ಗವಲ್ಲ. ನನಗಂತೂ ಇನ್ನೊಬ್ಬರು ಬಳಸಿ ಬೇಸತ್ತ ಯಂತ್ರ ಸಿಕ್ಕಿತು. ನಾಲ್ಕೈದು ಗೆಳತಿಯರು ಸೇರಿ ಒಂದು ಕೊಂಡರೂ ಸಾಕು, ದಿನಾ ಬೇಕಾಗುವ ವಸ್ತು ಅಲ್ಲ. ಕೊಳ್ಳುವಾಗ 10 ಇಂಚು ಅಗಲದ ಹಲಗೆ ಹೋಗುತ್ತದಾ ಅಂತ ನೋಡಿ. 6 ಇಂಚಿನದಾದರೂ ನಡೆಯುತ್ತದೆ, ಆಗ ಆಕಾರಗಳನ್ನು ಒಂದೇ ಸಾಲಿನಲ್ಲಿ ಉದ್ದಕ್ಕೆ ಜೋಡಿಸಿದ ಹಲಗೆ ಬೇಕಾಗುತ್ತದೆ.

ವಿನ್ಯಾಸ

ವಿಜಯಪುರದ ಗೋಳಗುಮ್ಮಟದೊಳಗೆ ನಿಂತು ತಲೆ ಎತ್ತಿ ನೋಡಿದ್ದೀರಲ್ಲ? ಕೆಳಗೆ ಕಟ್ಟಡ ಚೌಕ, ಮೇಲೆ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂರಿಸಲು ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ ಹೋಗುತ್ತವೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟರೆ ಬರುವ ಎಂಟು ಮೂಲೆಯ ನಕ್ಷತ್ರ ಅದು. 1656ರಲ್ಲಿ ಮುಗಿದ ಕಟ್ಟಡ. ಎಲ್ಲರೂ ಪಿಸುಮಾತಿನ ಗ್ಯಾಲರಿಗೆ ಓಡುತ್ತಾರೆ, ನಾನು ಕೆಳಗೇ ನಿಂತು ಕತ್ತು ನೋಯಿಸಿಕೊಂಡೆ. ನಮ್ಮ ಕೌದಿಯ ನಕ್ಷತ್ರಕ್ಕೂ ಎಂಟು ಮೊನೆ. ಇದು ಗುಮ್ಮಟದ್ದರಷ್ಟು ಜಾಣ ಜೋಡಣೆ ಅಲ್ಲ, ಆದರೆ ಬರೀ ಚೌಕ ಮತ್ತು ತ್ರಿಕೋನದಲ್ಲಿ ಆಗಿಬಿಡುತ್ತದೆ.

ಒಂದು ನಕ್ಷತ್ರದ ಮನೆ 12 ಇಂಚಿನ ಚೌಕ. ಅದನ್ನು ನಾಲ್ಕು ಅಡ್ಡ, ನಾಲ್ಕು ಉದ್ದ, ಹದಿನಾರು ಪುಟ್ಟ ಮನೆ ಮಾಡಿ. ಒಂದೊಂದು 3 ಇಂಚು. ನಾಲ್ಕು ಮೂಲೆಯಲ್ಲಿ ಹಿನ್ನೆಲೆ ಬಣ್ಣದ ಚೌಕ. ನಡುವಿನ ನಾಲ್ಕರಲ್ಲಿ ನಕ್ಷತ್ರದ ಬಣ್ಣದ ಚೌಕ. ಉಳಿದ ಎಂಟು ಮನೆಗಳಲ್ಲಿ ಅರ್ಧ ಹಿನ್ನೆಲೆ, ಅರ್ಧ ಬಣ್ಣ, ಅಂದರೆ ಎರಡು ತ್ರಿಕೋನ ಜೋಡಿಸಿದ ಚೌಕ.

ಒಬ್ಬರು ಹೊದೆಯುವ ಕೌದಿ 60 ಇಂಚು ಅಗಲ, 84 ಇಂಚು ಉದ್ದ ಇರಲಿ. ಅಂದರೆ ಅಡ್ಡಕ್ಕೆ 5, ಉದ್ದಕ್ಕೆ 7, ಒಟ್ಟು 35 ಮನೆ. ಎಲ್ಲವೂ ನಕ್ಷತ್ರ ಮಾಡಲು ಹೋಗಬೇಡಿ, ಮುಗಿಯುವುದಿಲ್ಲ. ಚದುರಂಗದ ಹಲಗೆಯಂತೆ ಒಂದು ಬಿಟ್ಟು ಒಂದು ಇಡಿ. 18 ನಕ್ಷತ್ರ, 17 ಸಾದಾ ಚೌಕ. ನಾಲ್ಕೂ ಮೂಲೆಗೆ ನಕ್ಷತ್ರವೇ ಬರುತ್ತದೆ.

ಹಿನ್ನೆಲೆಗೆ ನಾನು ಕಡು ನೀಲಿ ಹಿಡಿದೆ. ಬಿಳಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಕೌದಿ ಮಕ್ಕಳ ಕಾಲಡಿ, ಅಂಗಳದಲ್ಲಿ, ಮಾಳಿಗೆ ಮೇಲೆ ಬೀಳುವ ವಸ್ತು. ಇಲ್ಲಿಂದ ಮುಂದೆ ಹಿನ್ನೆಲೆಗೆ "ನೀಲಿ" ಅಂತಲೇ ಬರೆಯುತ್ತೇನೆ, ನೀವು ಬೇರೆ ಬಣ್ಣ ಹಿಡಿದರೆ ಹಾಗೆ ಓದಿಕೊಳ್ಳಿ.

ಹಲಗೆ ಮಾಡಿಸುವುದು, ನನ್ನ ತಪ್ಪು

ತಯಾರಾದ ಡೈಗಳು ಸಿಗುತ್ತವೆ. ಮುಗಿದ ಮೇಲೆ 3 ಇಂಚು ಬರುವ ಚೌಕ ಮತ್ತು ಅದೇ ಅಳತೆಯ ಅರ್ಧಚೌಕದ ತ್ರಿಕೋನ ಕೇಳಿ ಕೊಳ್ಳಿ, ಕಾಲು ಇಂಚಿನ ಹೊಲಿಗೆ ಜಾಗ, ಅಂದರೆ ಹೊಲಿಗೆಯ ಆಚೆ ಅಂಚಿಗೆ ಬಿಡುವ ಬಟ್ಟೆ, ಅದರಲ್ಲೇ ಸೇರಿರಬೇಕು. ನಾನು ಡಬ್ಬಿ ಡೈ ಮಾಡುವ ಒಬ್ಬರು ಕಾಕಾರ ಹತ್ತಿರ ಮಾಡಿಸಿದೆ. ಮೊದಲು ಅವರು ನಕ್ಕರು. "ತಂಗಿ, ನಮ್ಮ ಡೈ ಹಾಳಿ ಕತ್ತರಸ್ತೈತಿ, ಅರಬಿ ಅಲ್ಲ." ಅರಬಿ ಅಂದರೆ ಬಟ್ಟೆ. ಯಂತ್ರದ ಜೊತೆ ಬಂದ ಹಳೇ ಡೈ ತೋರಿಸಿದ ಮೇಲೆ ಸುಮ್ಮನಾದರು. ನೀವೂ ಹಾಗೇ ಮಾಡಿ, ಮಾದರಿ ಒಂದು ಒಯ್ಯಿರಿ. ಹಲಗೆ, ಬ್ಲೇಡು, ಫೋಮ್ ಸೇರಿ ಒಟ್ಟು ದಪ್ಪ ಮಾದರಿಯಷ್ಟೇ ಇರಬೇಕು. ದಪ್ಪ ಹೆಚ್ಚಾದರೆ ರೋಲರ್ ನಡುವೆ ಸಿಕ್ಕಿಕೊಳ್ಳುತ್ತದೆ, ಬಲ ಹಾಕಿದರೆ ಯಂತ್ರ ಹಾಳು. ಕಮ್ಮಿಯಾದರೆ ಬಟ್ಟೆ ಕತ್ತರಿಸುವುದಿಲ್ಲ.

ಅಳತೆ ಹೇಳುವಾಗ ಸೂತದಲ್ಲಿ ಹೇಳಿ, ಬಡಗಿಗೂ ಡೈ ಮಾಡುವವರಿಗೂ ಅದೇ ಸಲೀಸು. ಒಂದು ಇಂಚಿಗೆ 8 ಸೂತ. ಕಾಲು ಇಂಚಿನ ಹೊಲಿಗೆ ಜಾಗ ಅಂದರೆ 2 ಸೂತ.

ಚೌಕ ಸುಲಭ. ಮುಗಿದ ಅಳತೆ 3 ಇಂಚು, ಎರಡು ಬದಿಗೂ ಎರಡೆರಡು ಸೂತ ಸೇರಿಸಿದರೆ 3 ಇಂಚು 4 ಸೂತ. ತ್ರಿಕೋನದಲ್ಲೇ ನಾನು ಎಡವಿದ್ದು. "ಮೂರೂವರೆ ಇಂಚಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದುಬಿಡಿ ಕಾಕಾ" ಅಂದೆ. ಅವರು ಎಳೆದರು. ಮನೆಗೆ ತಂದು ಹೊಡೆದು, ಹೊಲಿದು, ಬಿಚ್ಚಿ ಅಳೆದರೆ 3 ಇಂಚು 1 ಸೂತ! ಪಕ್ಕದ ಚೌಕಕ್ಕಿಂತ 3 ಸೂತ ಸಣ್ಣದು. ಓರೆ ಬದಿಯನ್ನು ಹೊಲಿದಾಗ ಅದೂ ಬಟ್ಟೆ ತಿನ್ನುತ್ತದಲ್ಲ, ಅದನ್ನು ಮರೆತಿದ್ದೆ. ಸರಿಯಾದ ಲೆಕ್ಕ ಹೀಗೆ: ಮುಗಿದ ಅಳತೆಗೆ 7 ಸೂತ ಸೇರಿಸಿದ ಚೌಕಕ್ಕೆ ಓರೆ ಗೆರೆ. ನಮಗೆ 3 ಇಂಚು 7 ಸೂತದ ಚೌಕ. ಕಾಕಾ ಹಲಗೆಯನ್ನು ಮತ್ತೆ ಮಾಡಿಕೊಟ್ಟರು, ದುಡ್ಡು ಮಾತ್ರ ಎರಡು ಸಲ ಹೋಯಿತು.

ಇನ್ನೊಂದು ಮಾತು ಹೇಳಿ ಬನ್ನಿ. ತ್ರಿಕೋನದ ಎರಡು ಚೂಪು ಮೂಲೆಗಳನ್ನು ಸ್ವಲ್ಪ ಮೊಟಕು ಮಾಡಿಸಿ, ಹೊಲಿಗೆ ಜಾಗದ ಆಚೆ ಇರುವಷ್ಟು ಮಾತ್ರ. ಮೊಟಕು ಮಾಡದಿದ್ದರೆ ಹೊಲಿದು ಬಿಚ್ಚಿದಾಗ ಪ್ರತಿ ಚೌಕದ ಎರಡು ಮೂಲೆಯಲ್ಲಿ ಬೆಕ್ಕಿನ ಕಿವಿಯ ಹಾಗೆ ಬಟ್ಟೆ ಹೊರಗೆ ಚಾಚುತ್ತದೆ. ನಮ್ಮಲ್ಲಿ 144 ಜೋಡಿ. 288 ಕಿವಿ ಕತ್ತರಿಸುತ್ತಾ ಕೂರುವವರು ಯಾರು?

ಹಲಗೆಯ ಮೇಲೆ ಏನೇನು ಇರಬೇಕು ಅನ್ನುವುದು ಮುಖ್ಯ. 10 ಇಂಚಿನ ಚೌಕ ಹಲಗೆ. ಅದರಲ್ಲಿ ನಾಲ್ಕು ತ್ರಿಕೋನ, ಅಂದರೆ ಓರೆ ಗೆರೆ ಇರುವ ಎರಡು ಚೌಕ. ಜೊತೆಗೆ ಎರಡು ಸಾದಾ ಚೌಕ. ಆಕಾರಗಳ ನಡುವೆ ಅರ್ಧ ಇಂಚು ಬಿಡಿಸಿ. ಎಲ್ಲವೂ ಹಲಗೆಯ ಅಂಚಿಗೆ ಸ್ವಲ್ಪ ಓರೆಯಾಗಿ ಕೂರಲಿ. ನೆಟ್ಟಗಿದ್ದರೆ ಉದ್ದದ ಬ್ಲೇಡು ಪೂರ್ತಿ ಒಂದೇ ಸಲ ರೋಲರ್‌ಗೆ ಅಡ್ಡ ಬರುತ್ತದೆ, ಹ್ಯಾಂಡಲ್ ಕಲ್ಲಿನ ಹಾಗೆ ನಿಲ್ಲುತ್ತದೆ.

ಯಾಕೆ ನಾಲ್ಕು ಮತ್ತು ಎರಡು? ಒಂದು ನಕ್ಷತ್ರಕ್ಕೆ ಬಣ್ಣದ ತ್ರಿಕೋನ 8, ಬಣ್ಣದ ಚೌಕ 4. ನೀಲಿಯಲ್ಲೂ ಅಷ್ಟೇ. ಹಲಗೆಯ ಮೇಲೆ 9 ಇಂಚಿನ ಒಂದು ಬಟ್ಟೆ ತುಂಡು ಇಟ್ಟು ಹೊಡೆದರೆ 4 ತ್ರಿಕೋನ, 2 ಚೌಕ. ಹಾಗಾದರೆ ಎರಡು ಬಣ್ಣದ ತುಂಡು, ಎರಡು ನೀಲಿ ತುಂಡು, ಒಂದು ನಕ್ಷತ್ರ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಆಯಿಯ ಒಂದು ಸೀರೆ, ಅವ್ವನ ಒಂದು ಸೀರೆ, ಮಗಳ ಹಳೇ ಫ್ರಾಕು, ಒಂದೊಂದರಿಂದ ಎರಡೇ ತುಂಡು ಸಿಕ್ಕರೂ ಒಂದೊಂದು ನಕ್ಷತ್ರ ಆಗುತ್ತದೆ.

ಹೊಸ ಹಲಗೆ ಬಂದ ಕೂಡಲೇ ಒಂದು ಹಾಳೆ ಕತ್ತರಿಸಿ ಅಳೆದು ನೋಡಿ. ನಾನು ಮೊದಲ ಸಲ ಇದನ್ನು ಮಾಡಿದ್ದರೆ ಬಟ್ಟೆಯಾದರೂ ಉಳಿಯುತ್ತಿತ್ತು.

ಬಟ್ಟೆ

ಇದರ ಮೇಲೆ ಜಾಸ್ತಿ ಹೊತ್ತು ಕೂರಿ. ಡೈ ಎಷ್ಟೇ ಸರಿ ಇರಲಿ, ಬಟ್ಟೆ ಕೈಕೊಟ್ಟರೆ ಎಲ್ಲ ದಂಡ.

ನೀಲಿ ಕಾಟನ್ 5 ಮೀಟರ್ ಬೇಕು, 44 ಇಂಚು ಪನ್ನದ್ದು, ಅಂದರೆ ಅಗಲದ್ದು. ಎರಡೂವರೆ ಮೀಟರಿನಲ್ಲಿ 9 ಇಂಚಿನ 36 ತುಂಡು ಆಗುತ್ತವೆ. ಉಳಿದದ್ದು ಸಾದಾ ಚೌಕಗಳಿಗೆ. ಬೆಳಗಾವಿಯಲ್ಲಿ ಖಡೇಬಜಾರ್, ಗಣಪತ್ ಗಲ್ಲಿ ಸುತ್ತಿದರೆ ಸಿಗುತ್ತದೆ. ಬಣ್ಣದ್ದಕ್ಕೆ ಕಪಾಟು ತೆಗೆಯಿರಿ.

ಹಳೇ ಕಾಟನ್ ಸೀರೆ ಕೌದಿಗೆ ಬಹಳ ಒಳ್ಳೆಯದು, ಮೆತ್ತಗೆ ಇರುತ್ತದೆ. ಆದರೆ ಸೀರೆ ಎಲ್ಲ ಕಡೆ ಒಂದೇ ಸಮ ಹಳೆಯದಾಗುವುದಿಲ್ಲ. ಕೂರುವ ಜಾಗ, ಹಿಮ್ಮಡಿಗೆ ಉಜ್ಜುವ ಜಾಗ ಮೊದಲು ಸಾಯುತ್ತವೆ. ಎರಡು ಹೆಬ್ಬೆರಳಿನಲ್ಲಿ ಹಿಡಿದು ಜಗ್ಗಿ. ಚರ್ ಅಂದರೆ ಬಿಡಿ. ಬೆಳಕಿಗೆ ಹಿಡಿದಾಗ ಜರಡಿಯ ಹಾಗೆ ಕಂಡರೂ ಬಿಡಿ, ಅದು ಒಳಪದರಕ್ಕೆ ಆಗುತ್ತದೆ.

ಇಳಕಲ್ ಸೀರೆ ಇದ್ದರೆ ಒಡಲು ಮಾತ್ರ ತೆಗೆದುಕೊಳ್ಳಿ. ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಸೇರಿಸಿರುತ್ತಾರಲ್ಲ, ಆ ಜಾಗ ದಪ್ಪ. ಬ್ಲೇಡಿನ ಕೆಳಗೆ ಬರದ ಹಾಗೆ ನೋಡಿಕೊಳ್ಳಿ. ದಡಿಯನ್ನು ಬಿಸಾಡಬೇಡಿ, ಕೊನೆಗೆ ಕೆಲಸಕ್ಕೆ ಬರುತ್ತದೆ. ಗುಳೇದಗುಡ್ಡದ ಖಣ ನಕ್ಷತ್ರಕ್ಕೆ ಎಷ್ಟು ಚಂದ ಅಂದರೆ, ಹೇಳಬಾರದು. ಆದರೆ ಅಂಚು ಬಿಚ್ಚಿಕೊಳ್ಳುತ್ತದೆ. ಹಿಂದುಗಡೆ ಟೇಲರ್‌ಗಳು ಬಳಸುವ ತೆಳು ಪೇಸ್ಟಿಂಗ್ ಇಸ್ತ್ರಿ ಹಾಕಿ ಅಂಟಿಸಿ, ಆಮೇಲೆ ಡೈಗೆ ಹಾಕಿ. ಜರಿ ಇರುವ ಭಾಗ ಬೇಡ, ಬ್ಲೇಡಿನ ಹರಿತ ಹೋಗುತ್ತದೆ. ಪಾಲಿಯೆಸ್ಟರ್, ನೈಲಾನ್ ಸೀರೆ ಪೂರ್ತಿ ಬೇಡ. ರೋಲರ್ ಕೆಳಗೆ ಜಾರುತ್ತದೆ, ಇಸ್ತ್ರಿಗೆ ಸುರುಟುತ್ತದೆ.

ಹೊಸದೋ ಹಳೆಯದೋ, ಎಲ್ಲವನ್ನೂ ಒಗೆಯಿರಿ. ಕಾಟನ್ ಕುಗ್ಗುವುದು ಈಗಲೇ ಕುಗ್ಗಲಿ. ಕೆಂಪು, ಕಡು ನೀಲಿ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಕರ್ಚೀಫಿನಿಂದ ಒತ್ತಿ ನೋಡಿ. ಬಣ್ಣ ಹತ್ತಿದರೆ ಬೇರೆಯಾಗಿ ಮತ್ತೆ ಒಗೆಯಿರಿ. ಮೂರು ಸಲ ಒಗೆದರೂ ಬಣ್ಣ ಹತ್ತುವುದು ನಿಲ್ಲದಿದ್ದರೆ ಆ ಬಟ್ಟೆಯ ಆಸೆ ಬಿಡಿ.

ಒಣಗಿದ ಮೇಲೆ ಗಂಜಿ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಹಳೇ ಸೀರೆ ಮೆತ್ತಗಿರುವುದರಿಂದ ಬ್ಲೇಡು ಒತ್ತಿದಾಗ ಕತ್ತರಿಸುವ ಬದಲು ಫೋಮಿನೊಳಗೆ ಕುಸಿಯುತ್ತದೆ. ಅನ್ನದ ಗಂಜಿ ತೆಳುವಾಗಿ ಹಾಕಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಹಾಳೆಯ ಹಾಗೆ ನಿಲ್ಲಬೇಕು. ತ್ರಿಕೋನದ ಓರೆ ಬದಿ, ಟೇಲರ್‌ಗಳು ಉರೇಬ್ ಅನ್ನುತ್ತಾರಲ್ಲ, ಅದು ಹೊಲಿಯುವಾಗ ಹಿಗ್ಗದಿರಲೂ ಈ ಗಂಜಿಯೇ ಬೇಕು.

ಹೊಡೆಯುವುದು

ಬಟ್ಟೆಯನ್ನು 9 ಇಂಚಿನ ಚೌಕ ತುಂಡುಗಳಾಗಿ ಕತ್ತರಿಸಿಕೊಳ್ಳಿ. ಇದಕ್ಕೆ ಕತ್ತರಿ ಸಾಕು, ಒಂದೆರಡು ಸೂತ ಆಚೀಚೆ ಆದರೂ ಪರವಾಗಿಲ್ಲ. ಆದರೆ ಕತ್ತರಿಸುವ ಮೊದಲು ಹಾಸಿನ ಎಳೆ ಯಾವ ಕಡೆ ಹೋಗುತ್ತದೆ ಅಂತ ಪ್ರತಿ ತುಂಡಿನ ಮೇಲೂ ಚಾಕ್‌ನಿಂದ ಒಂದು ಬಾಣ ಗುರುತು ಹಾಕಿ.

ನಮ್ಮ ಕಡೆ ಮಗ್ಗ ನೋಡದವರು ಕಡಿಮೆ. ಹಾಸು ಅಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆ, ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ್ದು. ಹೊಕ್ಕು ಅಂದರೆ ಲಾಳಿ ಒಯ್ಯುವ ಅಡ್ಡ ಎಳೆ. ಹಾಸು ಅಷ್ಟಾಗಿ ಹಿಗ್ಗುವುದಿಲ್ಲ, ಹೊಕ್ಕು ಹಿಗ್ಗುತ್ತದೆ. ರೋಲರ್ ಬಟ್ಟೆಯನ್ನು ಒತ್ತುವುದಷ್ಟೇ ಅಲ್ಲ, ಮುಂದಕ್ಕೆ ತಳ್ಳುತ್ತದೆ ಕೂಡ. ಹೊಕ್ಕಿನ ಎಳೆ ಆ ದಿಕ್ಕಿಗಿದ್ದರೆ ಬಟ್ಟೆ ಹಿಗ್ಗಿಕೊಂಡೇ ಕತ್ತರಿಸಿಹೋಗುತ್ತದೆ. ಹೊರಗೆ ಬಂದ ಮೇಲೆ ಸುಧಾರಿಸಿಕೊಂಡು ಕುಗ್ಗುತ್ತದೆ, ನಿಮ್ಮ ಚೌಕ ಚೌಕವಾಗಿ ಉಳಿಯುವುದಿಲ್ಲ. ಅದಕ್ಕೇ ಹಾಸಿನ ಬಾಣ ರೋಲರ್ ಕಡೆ ಮುಖ ಮಾಡಿರಬೇಕು.

ಈಗ ಹಲಗೆಯನ್ನು ಅದರ ಫೋಮ್ ಇರುವ ಮುಖ ಮೇಲಕ್ಕೆ ಬರುವಂತೆ ಇಡಿ. ಬ್ಲೇಡು ಫೋಮಿನೊಳಗೆ ಅಡಗಿರುತ್ತದೆ, ಬೆರಳಿನಿಂದ ಸವರಿ ನೋಡುವ ಚಾಳಿ ಬೇಡ. ಅದರ ಮೇಲೆ ಬಟ್ಟೆ, ಆಕಾರಗಳ ಸುತ್ತ ಎಲ್ಲ ಕಡೆ 2 ಸೂತ ಹೆಚ್ಚಿರುವಂತೆ. ಎಷ್ಟು ಪದರ? ಸಾದಾ ಕಾಟನ್ 6 ಪದರ ಹೋಗುತ್ತದೆ. ಪೇಸ್ಟಿಂಗ್ ಹಾಕಿದ ಖಣ 3, ಜೀನ್ಸ್ ಬಟ್ಟೆ 2. ಮೊದಲ ಸಲ 2 ಪದರ ಇಟ್ಟು ಕೈ ರೂಢಿ ಮಾಡಿಕೊಳ್ಳಿ. ಪದರಗಳ ನಡುವೆ ಗುಂಡುಸೂಜಿ ಚುಚ್ಚಬೇಡಿ. ಮೇಲೆ ಮ್ಯಾಟ್ ಇಡಿ. ಅದು ಎಲ್ಲ ಬ್ಲೇಡನ್ನೂ ಮುಚ್ಚಬೇಕು.

ರೋಲರ್ ಹಿಡಿಯುವ ತನಕ ತಳ್ಳಿ, ಆಮೇಲೆ ಹ್ಯಾಂಡಲ್ ಒಂದೇ ಸಮನೆ ತಿರುಗಿಸಿ. ಕಟ ಕಟ ಅಂತ ಸಣ್ಣ ಸದ್ದು ಬರುತ್ತದೆ, ಬರಲಿ. ನಡುವೆ ನಿಲ್ಲಿಸಿ ಹಿಂದೆ ಮುಂದೆ ಆಡಿಸಬೇಡಿ. ಹೊರಗೆ ಬಂದ ಮೇಲೆ ಮ್ಯಾಟ್ ತೆಗೆದರೆ ಸುತ್ತಲಿನ ಚೂರು ಬೇರೆ, ತುಂಡುಗಳು ಬೇರೆ. ಮೊದಲ ಸಲ ಆ ಮೊಟಕು ಮೂಲೆಯ ತ್ರಿಕೋನಗಳನ್ನು ಆರಾರು ಒಟ್ಟಿಗೆ ಎತ್ತಿದಾಗ ನನಗೆ ಶಂಕರಪೋಳೆ ಕತ್ತರಿಸಿಟ್ಟ ತಟ್ಟೆ ನೆನಪಾಯಿತು.

ಒಂದು ಹೊಡೆತಕ್ಕೆ 6 ಪದರ, 24 ತ್ರಿಕೋನ, 12 ಚೌಕ. ನೀಲಿಗೆ 6 ಹೊಡೆತ, ಬಣ್ಣಕ್ಕೆ 6 ಹೊಡೆತ. ಇಡೀ ಕೌದಿಗೆ ಬೇಕಾದ 288 ತ್ರಿಕೋನ, 144 ಚೌಕ 12 ಸಲ ಹ್ಯಾಂಡಲ್ ತಿರುಗಿಸಿದರೆ ಮುಗಿಯಿತು. ಒಂದು ಮಧ್ಯಾಹ್ನದ ಕೆಲಸ, ಅದೂ ನಡುವೆ ಚಹಾ ಕುಡಿದು.

ಒಂದೆರಡು ಎಳೆ ಕತ್ತರಿಸದೇ ಉಳಿದರೆ ಗಾಬರಿ ಬೇಡ, ಕತ್ತರಿಯಿಂದ ಬಿಡಿಸಿ. ಪ್ರತಿ ಸಲವೂ ಅದೇ ಜಾಗದಲ್ಲಿ ಉಳಿದರೆ ಅಲ್ಲಿ ಮ್ಯಾಟ್ ಸವೆದಿದೆ ಅಂತ ಅರ್ಥ. ಮ್ಯಾಟ್ ತಿರುಗಿಸಿ, ಮಗುಚಿ, ಒಂದೊಂದು ಸಲ ಒಂದೊಂದು ಮಗ್ಗುಲು ಬಳಸಿ. ಯಾವಾಗಲೂ ಒಂದೇ ಮಗ್ಗುಲಾದರೆ ಡೊಂಕಾಗುತ್ತದೆ. ಬ್ಲೇಡಿನ ಮೂಲೆಗಳಲ್ಲಿ ನೂಲಿನ ಕಸ ಸೇರಿಕೊಳ್ಳುತ್ತದೆ, ಗುಂಡುಸೂಜಿಯಿಂದ ಕೆದಕಿ ತೆಗೆಯಿರಿ.

ಜೋಡಿಸುವುದು

ಹೊಲಿಗೆ ಯಂತ್ರದ ಮೇಲೆ ಕೂರುವ ಮೊದಲು ಒಂದು ಪರೀಕ್ಷೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಕಾಲು ಇಂಚು ಬಿಟ್ಟು ಪಕ್ಕಪಕ್ಕ ಹೊಲಿದು, ಇಸ್ತ್ರಿ ಮಾಡಿ ಅಳೆಯಿರಿ. ಸರಿಯಾಗಿ ಮೂರೂವರೆ ಇಂಚು ಬರಬೇಕು. ಕಮ್ಮಿ ಬಂದರೆ ನೀವು ಹೆಚ್ಚು ಒಳಗೆ ಹೊಲಿಯುತ್ತಿದ್ದೀರಿ. ಹೊಲಿಗೆ ಯಂತ್ರದ ಪಾದದ ಅಂಚನ್ನು ನಂಬಬೇಡಿ, ಎಲ್ಲ ಪಾದವೂ ಕಾಲು ಇಂಚು ಇರುವುದಿಲ್ಲ. ಪರೀಕ್ಷೆ ಸರಿ ಬಂದ ಜಾಗಕ್ಕೆ ಯಂತ್ರದ ತಟ್ಟೆಯ ಮೇಲೆ ಒಂದು ಟೇಪು ಅಂಟಿಸಿ, ಬಟ್ಟೆಯ ಅಂಚು ಅದನ್ನು ಮುಟ್ಟಿಕೊಂಡೇ ಹೋಗಲಿ. ಡೈ ನಿಮಗೆ ಸರಿಯಾದ ತುಂಡು ಕೊಟ್ಟಿದೆ. ಇಲ್ಲಿ ಅಜಾಗರೂಕರಾದರೆ ಅಷ್ಟೂ ಕೆಲಸ ನೀರಲ್ಲಿ ಮಾಡಿದ ಹೋಮ.

ಮೊದಲು ಎಲ್ಲ ತ್ರಿಕೋನ. ನೀಲಿ ಒಂದು, ಬಣ್ಣ ಒಂದು, ಮುಖಕ್ಕೆ ಮುಖ ಸೇರಿಸಿ ಓರೆ ಬದಿ ಹೊಲಿಯಿರಿ. ಒಂದು ಜೋಡಿ ಮುಗಿದಾಗ ದಾರ ಕತ್ತರಿಸದೆ ಮುಂದಿನದನ್ನು ತಳ್ಳಿ. ಮಲ್ಲಿಗೆ ಪೋಣಿಸಿದ ಹಾಗೆ ಮಾಲೆಯಾಗಿ ಹಿಂದೆ ಇಳಿಯುತ್ತದೆ. ಓರೆ ಬದಿಯನ್ನು ಎಳೆಯಬೇಡಿ, ಯಂತ್ರವೇ ಒಯ್ಯಲಿ. ಬಿಚ್ಚಿ ಇಸ್ತ್ರಿ ಮಾಡುವಾಗಲೂ ಪೆಟ್ಟಿಗೆಯನ್ನು ಉಜ್ಜದೆ ಎತ್ತಿ ಎತ್ತಿ ಒತ್ತಿ. ಹೊಲಿಗೆಯ ಬಾಲ, ಅಂದರೆ ಹಿಂದೆ ಉಳಿಯುವ ಕಾಲು ಇಂಚಿನ ಅಂಚು, ನೀಲಿ ಕಡೆಗೆ ಮಲಗಲಿ, ತೆಳು ಬಣ್ಣದ ಕೆಳಗೆ ನೀಲಿ ಕಾಣಬಾರದು.

ಈಗ ಹದಿನಾರು ಮನೆಯನ್ನು ನೆಲದ ಮೇಲೆ ಹರವಿ. ಎಲ್ಲರೂ ತಿರುಗುಮುರುಗು ಮಾಡುವುದು ಇಲ್ಲೇ. ಎರಡು ಗುರುತು ನೆನಪಿಟ್ಟುಕೊಳ್ಳಿ. ತ್ರಿಕೋನದ ಮನೆಗಳು ಪ್ರತಿ ಬದಿಯಲ್ಲೂ ಜೋಡಿಯಾಗಿ ಕೂರುತ್ತವೆ. ಜೋಡಿಯೊಳಗೆ ನೀಲಿ ಬದಿಗೆ ನೀಲಿ ಬದಿ ತಾಗಬೇಕು. ಒಳಗಿನ ಬಣ್ಣದ ಚೌಕಕ್ಕೆ ಬಣ್ಣದ ಬದಿ ತಾಗಬೇಕು. ಈ ಎರಡೂ ಸರಿ ಇದ್ದರೆ ಎಂಟು ಮೊನೆ ತಾವಾಗಿಯೇ ಹೊರಗೆ ಚಾಚುತ್ತವೆ. ಹೊಲಿಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ನೋಡಿ. ಕಣ್ಣಿಗೆ ಕಾಣದ ತಪ್ಪು ಫೋಟೊದಲ್ಲಿ ಥಟ್ಟನೆ ಕಾಣುತ್ತದೆ.

ನಾಲ್ಕು ನಾಲ್ಕು ಮನೆ ಸೇರಿಸಿ ಸಾಲು ಮಾಡಿ. ಒಂದನೇ, ಮೂರನೇ ಸಾಲಿನ ಹೊಲಿಗೆ ಬಾಲ ಎಡಕ್ಕೆ, ಎರಡನೇ, ನಾಲ್ಕನೆಯದು ಬಲಕ್ಕೆ ಮಲಗಿಸಿ. ಸಾಲಿಗೆ ಸಾಲು ಸೇರಿಸುವಾಗ ಆ ಬಾಲಗಳು ಎದುರುಬದುರಾಗಿ ಒಂದಕ್ಕೊಂದು ಆನಿಕೊಂಡು ಕೂರುತ್ತವೆ, ಮೂಲೆಗಳು ತಪ್ಪುವುದಿಲ್ಲ. ನಕ್ಷತ್ರ ಹನ್ನೆರಡೂವರೆ ಇಂಚು ಬರಬೇಕು.

ಬರದಿದ್ದರೆ? ನನ್ನವು ಬಹುಪಾಲು ಹನ್ನೆರಡು ಇಂಚು 3 ಸೂತ ಬಂದವು. ಅದಕ್ಕೇ 17 ಸಾದಾ ಚೌಕಗಳನ್ನು ಕೊನೆಗೆ ಕತ್ತರಿಸಿ. ನಕ್ಷತ್ರಗಳನ್ನು ಅಳೆದು, ಅವು ಎಷ್ಟು ಬಂದಿವೆಯೋ ಅಷ್ಟಕ್ಕೇ ಸಾದಾ ಚೌಕ. ಆಮೇಲೆ 5 ಮನೆಯ 7 ಸಾಲು ಮಾಡಿ ಸೇರಿಸಿ.

ಪದರ ಹಾಸಿ ಹೊಲಿಯುವುದು

ಕೆಳಪದರಕ್ಕೆ ಒಂದು ಹಳೇ ಕಾಟನ್ ಸೀರೆ ಸಾಕು. ಐದೂವರೆ ಮೀಟರ್ ಸೀರೆಯಿಂದ 90 ಇಂಚಿನ ಎರಡು ತುಂಡು ತೆಗೆದು ಪಕ್ಕಪಕ್ಕ ಜೋಡಿಸಿ, ಅಗಲ 66 ಇಂಚಿಗೆ ಕತ್ತರಿಸಿ. ಸುತ್ತ 3 ಇಂಚು ಹೆಚ್ಚಿರುತ್ತದೆ, ಬೇಕಾಗುತ್ತದೆ. ಒಳಪದರ ವಿಜಯಪುರ, ಬಾಗಲಕೋಟೆ ಕಡೆಗಾದರೆ ಇನ್ನೊಂದು ಸೀರೆ ಅಥವಾ ಧೋತರ. ಬೆಳಗಾವಿಯ ಮಳೆ, ಥಂಡಿಗೆ ಎರಡು ಹಾಕಿ. ಹತ್ತಿ ತುಂಬಲು ಹೋಗಬೇಡಿ, ಸೂಜಿ ಓಡುವುದಿಲ್ಲ, ಒಗೆಯಲೂ ಆಗುವುದಿಲ್ಲ.

ನೆಲ ಒರೆಸಿ ಕೆಳಪದರವನ್ನು ಬೋರಲು ಹಾಸಿ. ಮೂಲೆಗಳ ಮೇಲೆ ಹಿಟ್ಟಿನ ಡಬ್ಬಿ, ಕಲ್ಲು ಇಡಿ. ಒಳಪದರ, ಮೇಲ್ಪದರ ಹಾಸಿ. ಗೇಣಿಗೊಂದು ಸಾಲಿನಂತೆ ನಡುವಿನಿಂದ ಅಂಚಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ.

ನಮ್ಮ ಆಯಿ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬರುತ್ತಿದ್ದಳು. ಬಟ್ಟೆ ಉಬ್ಬಿದರೆ ಅಲ್ಲೊಂದು ಮಡಿಕೆ ಹಾಕಿ ಮೇಲೊಂದು ತುಂಡು ಹಚ್ಚುತ್ತಿದ್ದಳು. ಜೋಡಿಸಿದ ಮೇಲ್ಪದರದಲ್ಲಿ ಆ ಆಟ ನಡೆಯುವುದಿಲ್ಲ, ಉಬ್ಬು ನಡುವೆ ಸಿಕ್ಕಿಬಿಡುತ್ತದೆ. ಆದ್ದರಿಂದ ನಡುವಿನ ಸಾದಾ ಚೌಕದಿಂದ ಹೊರಗೆ ಹೋಗಿ. ದಪ್ಪ ಕಾಟನ್ ದಾರ, ಮಾಮೂಲಿ ಓಡು ಹೊಲಿಗೆ, ಇಂಚಿಗೆ ಐದಾರು. ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು. ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಒಟ್ಟಿಗೆ ಏರಿಸಿ, ಆಮೇಲೆ ದಾರ ಎಳೆಯಿರಿ. ಪ್ರತಿ ನಾಲ್ಕು ಬೆರಳಿಗೆ ಅಂಗೈಯಿಂದ ಸವರಿ ಸುಕ್ಕು ಬಿಡಿಸಿ. 112 ಸಾಲು, ಒಂದೊಂದು 60 ಇಂಚು, ಒಟ್ಟು 170 ಮೀಟರ್ ಹೊಲಿಗೆ. ಡೈ ಉಳಿಸಿದ ಹೊತ್ತನ್ನೆಲ್ಲ ಇದು ತಿಂದುಹಾಕುತ್ತದೆ. ಅಕ್ಕಪಕ್ಕದವರನ್ನು ಕರೆಯಿರಿ. ನಾಲ್ಕು ಮಂದಿ ನಾಲ್ಕು ದಿಕ್ಕಿಗೆ ಕೂತರೆ ಊರಿನ ಸುದ್ದಿಯೂ ಮುಗಿಯುತ್ತದೆ. ಯಂತ್ರದಲ್ಲಿ ಹೊಲಿಯಬಹುದಾ ಅಂತ ಕೇಳುತ್ತಾರೆ. ಹೊಲಿಯಬಹುದು, ಆದರೆ ಕೈಹೊಲಿಗೆಯ ಆ ಸಣ್ಣ ಅಲೆ, ಆ ಮೆತ್ತನೆ ಬರುವುದಿಲ್ಲ.

ಹೆಚ್ಚುವರಿ ಬಟ್ಟೆ ಕತ್ತರಿಸಿ ಅಂಚು ನೆಟ್ಟಗೆ ಮಾಡಿ. ಅಂಚಿಗೆ ಆಗ ಎತ್ತಿಟ್ಟ ಇಳಕಲ್ ದಡಿ. ಸುತ್ತಳತೆ 288 ಇಂಚು, ಮೂಲೆ ಮಡಿಕೆ ಸೇರಿ 300 ಇಟ್ಟುಕೊಳ್ಳಿ. ಒಂದು ಸೀರೆಯ ಎರಡೂ ದಡಿ ಸೇರಿದರೆ 400 ದಾಟುತ್ತದೆ. ಮುಂದೆ ಯಂತ್ರದಲ್ಲಿ ಹೊಲಿದು, ಹಿಂದೆ ಮಡಚಿ ಕೈಯಲ್ಲಿ ಕಾಣದ ಹಾಗೆ ಮುಗಿಸಿ.

ಕೊನೆಯ ಒಂದು ಗೇಣು ಅಂಚು ಹೊಲಿಯುವ ಮೊದಲು ನಮ್ಮವ್ವ ತಡೆದಳು. ಆಯಿ ಕೌದಿ ಮುಚ್ಚುವಾಗ ಒಂದು ಚೂರು ರೊಟ್ಟಿ ಒಳಗಿಡುತ್ತಿದ್ದಳು, ಕೌದಿ ಹಸಿದಿರಬಾರದು ಅಂತ. ಅವಳ ಕೌದಿ ನಡುವೆ ಮುಗಿಯುತ್ತಿತ್ತು, ಹೊಟ್ಟೆಯಲ್ಲೇ ರೊಟ್ಟಿ. ನನ್ನದು ಅಂಚಿನಲ್ಲಿ ಮುಗಿಯುತ್ತದೆ. "ಕಿಸೇದಾಗ ರೊಟ್ಟಿ ಇಟ್ಟಂಗ ಆತು" ಅಂತ ಅವ್ವ ಗೊಣಗುತ್ತಲೇ ಕಟಕ ರೊಟ್ಟಿಯ ಉಗುರಿನಷ್ಟು ಚೂರನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಇರುವೆ ಬಂದಿಲ್ಲ, ಇದುವರೆಗೆ.

ಗಂಜಿ ಹೋಗಲು ಒಮ್ಮೆ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ. ಹಿಂಡಬೇಡಿ, ನೀರು ತಾನೇ ಸೋರಲಿ. ಹಗ್ಗದ ಮೇಲೆ ಹಾಕಿದರೆ ಒದ್ದೆ ಭಾರಕ್ಕೆ ನಕ್ಷತ್ರಗಳು ಜಗ್ಗುತ್ತವೆ. ಮಾಳಿಗೆಯ ಮೇಲೆ ಚಾಪೆ ಹಾಸಿ, ನೀಲಿ ಮಾಸದಂತೆ ಬೋರಲು ಒಣಗಿಸಿ.